ಮೂಗನ ಮರ

ಅಪ್ಪನ ಮೂರು ಬೇಟೆ ಕೋವಿಗಳಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಬಹುದು, ಉಳಿದೆರಡನ್ನು ತಂದು ಕತ್ತರಿಸಲು ಕೊಡಬೇಕು ಎಂದು ಠಾಣೆಯವರು ಹೇಳಿದ ದಿನದಿಂದ ನಮ್ಮ ಮನೆಯಲ್ಲಿ ಒಬ್ಬರ ಮುಖವನ್ನು ಒಬ್ಬರು ನೋಡಿ ಉಂಡದ್ದಿಲ್ಲ. ಅಪ್ಪ ಸತ್ತು ಇನ್ನೂ ವರ್ಷ ತುಂಬಿರಲಿಲ್ಲ. ಲೈಸೆನ್ಸ್ ಇರುವುದು ನನ್ನ ಹೆಸರಿಗೆ, ಅದರಲ್ಲಿ ಜಾಗ ಇರುವುದು ಒಂದೇ ಕೋವಿಗೆ. ನನ್ನ ತಮ್ಮ ವ್ಯಾನ್ ಓಡಿಸುತ್ತಾನೆ. ಹರೆಯದಲ್ಲಿ ಯಾರದೋ ಹಲ್ಲು ಉದುರಿಸಿ ಕೇಸು ಹಾಕಿಸಿಕೊಂಡವನಿಗೆ ಕೋವಿ ಯಾರು ಕೊಡುತ್ತಾರೆ? ಚಿಕ್ಕಪ್ಪನಿಗೆ ಎರಡು ಕಣ್ಣಿಗೂ ಪೊರೆ. ಹೀಗಾಗಿ ಎಲ್ಲರ ಆಸೆಯ ಮೂಟೆಯೂ ನನ್ನ ಬೆನ್ನಿಗೇ ಬಿತ್ತು.

ಅಪ್ಪನ ಕೋವಿ ರಿಪೇರಿ ಅಂಗಡಿಯನ್ನು ನಡೆಸುತ್ತಿರುವವಳು ನಾನು. ಒಂದು ಷಟರಿನ ಅಂಗಡಿ. ಒಳಗೆ ಒಂದು ಬೆಂಚು, ಮರ ಕಚ್ಚಿ ಹಿಡಿಯುವ ಒಂದು ವೈಸು, ಗೋಡೆಗೆ ಉಳಿಗಳು, ಮೂಲೆಯಲ್ಲಿ ಅಗಸೆ ಎಣ್ಣೆಯ ಡಬ್ಬಿ. ಬೇಟೆ ನಿಂತುಹೋಗಿ ಬಹಳ ಕಾಲವಾಯಿತು. ಈಗ ಬರುವವರು ಬ್ಯಾಂಕಿನ ಕಾವಲುಗಾರರು, ಅವರ ಕೋವಿಗೆ ಪ್ಲಾಸ್ಟಿಕ್ಕಿನ ಹಿಡಿ. ಮರದ ಕೆಲಸ ಕೇಳಿಕೊಂಡು ಬರುವವರೇ ಇಲ್ಲ. ಇಡೀ ದಿನ ನಿಂತು ನಿಂತು ಸೊಂಟ ಹಿಡಿಯುತ್ತದೆ, ಕೈಗೆ ಹತ್ತಿದ ತುಕ್ಕಿನ ವಾಸನೆ ಸೋಪಿಗೂ ಬಗ್ಗುವುದಿಲ್ಲ.

ಮೂರು ಕೋವಿಗಳಿಗೂ ಮನೆಯಲ್ಲಿ ಹೆಸರಿತ್ತು. ದೊಡ್ಡದು ಮುದುಕಿ. ಅಜ್ಜನ ಕಾಲದ್ದು, ದಪ್ಪ ನಳಿಗೆ, ಎತ್ತಿದರೆ ತೋಳು ಇಳಿಯುವಷ್ಟು ಭಾರ. ಚಿಕ್ಕಪ್ಪ ಹುಡುಗನಾಗಿದ್ದಾಗ ಅದನ್ನು ಹೊತ್ತು ಅಜ್ಜನ ಹಿಂದೆ ಹೋಗುತ್ತಿದ್ದನಂತೆ. ಒಮ್ಮೆ ತೊರೆ ದಾಟುವಾಗ ಬಂಡೆಯ ಮೇಲೆ ಬೀಳಿಸಿ, ನಳಿಗೆ ಕೂರುವ ಮರಕ್ಕೆ, ಹೆಗಲಿಗೆ ಒತ್ತುವ ಕಡೆ, ಹೆಬ್ಬೆರಳಿನಷ್ಟು ಅಗಲದ ಗುಳಿ ಬಿದ್ದಿತ್ತು. ಅಜ್ಜ ಅವನ ಕೆನ್ನೆಗೆ ಒಂದು ಬಿಟ್ಟು, ಅದೇ ಸಂಜೆ ಅದೇ ಕೋವಿಯಿಂದ ಕುರಿ ಹಿಡಿಯುತ್ತಿದ್ದ ತೋಳವನ್ನು ಹೊಡೆದ. ನಾನು ಚಿಕ್ಕವಳಿದ್ದಾಗ ಆ ತೋಳ ನಾಯಿಯಷ್ಟಿತ್ತು. ಈಗ ಕರುವಿನಷ್ಟಾಗಿದೆ. ಚಿಕ್ಕಪ್ಪ ಇನ್ನೂ ನಾಲ್ಕು ವರ್ಷ ಬದುಕಿದರೆ ಎತ್ತಿನಷ್ಟಾಗುತ್ತದೆ.

ಎರಡನೆಯದು ಸೊಸೆ. ಅಮ್ಮ ಮದುವೆಯಾಗಿ ಬಂದ ವರ್ಷವೇ ಅದೂ ಮನೆಗೆ ಬಂತು. ಮುದುಕಿಯನ್ನು ಮಾಡಿದ ಕಾರ್ಖಾನೆಯದೇ, ಆದರೆ ತೆಳ್ಳನೆಯ ನಳಿಗೆ, ಇಟ್ಟ ಗುರಿ ತಪ್ಪುವುದಿಲ್ಲ. ಬಂದಮೇಲೆ ಮನೆಯ ಬೇಟೆಯ ಕೆಲಸವೆಲ್ಲ ಅದರ ಪಾಲಿಗೇ ಬಿದ್ದದ್ದರಿಂದ ಆ ಹೆಸರು. ಹೆಸರಿಟ್ಟವಳು ಅಮ್ಮನೇ; ಈಗ ಅವಳೂ ಇಲ್ಲ. ನನ್ನ ತಮ್ಮ ಅಪ್ಪನ ಕೈಹಿಡಿದು ಗುರಿ ಕಲಿತದ್ದು ಅದರಲ್ಲಿ, ಬೇಲಿಯ ಮೇಲೆ ಡಬ್ಬಿ ಇಟ್ಟು.

ಮೂರನೆಯದು ಮೂಗ. ಹತ್ತು ಸಲ ಬೆರಳಿಟ್ಟು ಕುದುರೆ ಎಳೆದರೆ ಎರಡು ಸಲ ಹೊಡೆಯುತ್ತಿತ್ತು, ಅದೂ ಅದರ ಮನಸ್ಸು ಬಂದರೆ. ಅಪ್ಪ ಅದರ ಸ್ಪ್ರಿಂಗು ಬದಲಿಸಿದ, ಸೂಜಿ ಬದಲಿಸಿದ, ಬೈದ, ಸಮಾಧಾನ ಮಾಡಿದ. ಏನೂ ಆಗಲಿಲ್ಲ. ನಾನು ಶಾಲೆ ಬಿಟ್ಟ ವರ್ಷ ಅದನ್ನು ಹಿಡಿದುಕೊಂಡು, ನನ್ನನ್ನೂ ಕರೆದುಕೊಂಡು ಕಾಡಿಗೆ ಹೋದ. ಎದುರಿಗೆ ಹಂದಿ ಬಂತು. ಕುದುರೆ ಎಳೆದ, ಟಕ್. ಇನ್ನೊಮ್ಮೆ, ಟಕ್. ಅಪ್ಪ ಕೋವಿಯನ್ನು ತಿರುಗಿಸಿ ಹಿಡಿದು ಹಂದಿಯ ನೆತ್ತಿಗೆ ಬಾರಿಸಿದ. ಕೋವಿಯ ಮರ ಎರಡು ಹೋಳಾಯಿತು, ಹಂದಿಗೆ ಏನೂ ಆಗಲಿಲ್ಲ. ಅಪ್ಪ ಒಂದು ಮರ ಹತ್ತಿದ, ನಾನು ಇನ್ನೊಂದು. ಸಂಜೆಯವರೆಗೂ ಹಂದಿ ಕೆಳಗೆ, ನಾವು ಮೇಲೆ, ಆಚೆಯಿಂದ ಅವನು ಈಚೆಯಿಂದ ನಾನು ಬಾಯಿಗೆ ಬಂದಂತೆ ಬೈದಾಡಿಕೊಂಡೆವು. 'ಮಗಳನ್ನ ಬಿಟ್ಟು ತಾನು ಮೊದಲು ಹತ್ತಿದ ಗಂಡಸು' ಅಂತ ನಾನು, 'ಅಪ್ಪನ್ನ ಬೈಯೋ ಬಾಯಿಗೆ ಹುಳ ಬೀಳ' ಅಂತ ಅವನು. ಮನೆಗೆ ಬಂದ ಮೇಲೆ, ಕೆಡವಿದ ಮನೆಯೊಂದರ ಬಾಗಿಲ ಚೌಕಟ್ಟಿನ ತುಂಡು ತಂದು ನನ್ನ ಮುಂದೆ ಹಾಕಿ, 'ನಾಲಿಗೆ ಓಡಿದಷ್ಟು ಕೈ ಓಡುತ್ತೋ ನೋಡೋಣ, ಇದರಲ್ಲಿ ಮೂಗನಿಗೆ ಮರ ಕೆತ್ತು' ಅಂದ. ನಾನು ಕೆತ್ತಿದ ಮೊದಲ ಕೋವಿಮರ ಅದು. ಹಿಡಿ ಒಂದಿಷ್ಟು ಸೊಟ್ಟ. ಅಪ್ಪ ಅದನ್ನು ತಿದ್ದಲಿಲ್ಲ, ಯಾರಿಗೂ ತಿದ್ದಲು ಬಿಡಲೂ ಇಲ್ಲ.

ಠಾಣೆಯಲ್ಲಿ ಇನ್ನೊಂದು ಕಟ್ಟಳೆ ಇತ್ತು. ಉಳಿಸಿಕೊಳ್ಳುವ ಕೋವಿಯನ್ನು ಅವರೆದುರು ಹೊಡೆದು ತೋರಿಸಬೇಕು, ಹೊಡೆಯದಿದ್ದರೆ ಅದೂ ಕತ್ತರಿಯ ಪಾಲು. ಮೂಗನನ್ನು ಬಿಚ್ಚಿ ಎಷ್ಟು ಸಂಜೆ ಕೂತೆನೋ. ಆ ಅಳತೆಯ ಹೊಸ ತೋಟಾ ಈಗ ಸಿಗುವುದಿಲ್ಲ, ಹಳೆಯವು ಹತ್ತಿಕೊಳ್ಳುವುದಿಲ್ಲ. ಮುದುಕಿಯ ನಳಿಗೆಯಲ್ಲಿ ತೋಟಾ ಕೂರುವ ಕಡೆ ಕೂದಲೆಳೆಯ ಬಿರುಕು. ಹೊಡೆದರೆ ಹೊಡೆದವನ ಮುಖವೇ ಹೋಗುತ್ತದೆ. ಉಳಿದದ್ದು ಸೊಸೆ ಒಂದೇ.

ಊಟಕ್ಕೆ ಕೂತಾಗ ಹೇಳಿದೆ. ತಮ್ಮನ ಮುಖ ಅರಳಿತು. ಚಿಕ್ಕಪ್ಪ ತಟ್ಟೆ ದೂಡಿದ.

"ನಮ್ಮಪ್ಪನ ಕೋವಿ ಕಣೇ ಅದು! ತೋಳ ಹೊಡೆದ ಕೋವಿ!"

"ಬಿರುಕು ಬಿಟ್ಟಿದೆ ಅಂತ ಹೇಳಿದ್ನಲ್ಲ ಚಿಕ್ಕಪ್ಪ. ಹೊಡೆದ್ರೆ ನಿನ್ನ ತಲೆ ಹಾರಿಹೋಗುತ್ತೆ."

"ಹಾರಲಿ. ಇನ್ನು ಈ ತಲೇಲಿ ಏನಿದೆ?"

"ಅದು ಎಲ್ಲರಿಗೂ ಗೊತ್ತು," ಅಂದ ತಮ್ಮ.

"ಮುಚ್ಚೋ ಬಾಯಿ! ನಿನಗೆ ಬೇಕಾದ್ದು ಸಿಕ್ತಲ್ಲ. ಡಬ್ಬಿ ಹೊಡೆದೋನಿಗೆ ತೋಳ ಹೊಡೆದೋರ ಬೆಲೆ ಏನು ಗೊತ್ತು?"

"ತೋಳ ಹೊಡೆದೋನು ಅಜ್ಜ. ನೀನು ಹೊಡೆಸಿಕೊಂಡೋನು."

ನನಗೆ ರೇಗಿತು. "ಇಬ್ಬರೂ ಎದ್ದು ಹೋಗಿ, ಇಲ್ಲಾಂದ್ರೆ ಮೂರನ್ನೂ ಕತ್ತರಿಸೋಕೆ ಕೊಟ್ಟುಬಿಡ್ತೀನಿ," ಅಂತ ಕೂಗಿದೆ. ಯಾರೂ ಏಳಲಿಲ್ಲ. ನಾನೇ ಎದ್ದು ಕೈ ತೊಳೆದೆ.

ಅವತ್ತಿನಿಂದ ಚಿಕ್ಕಪ್ಪ ಊಟಕ್ಕೆ ಬರುವುದನ್ನು ಬಿಟ್ಟ. ಅಂಗಡಿಗೆ ಬಂದು ಮುದುಕಿಯನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದ. ಕಣ್ಣು ಕಾಣದಿದ್ದರೂ ಆ ಗುಳಿಯನ್ನು ಬೆರಳು ತಾನಾಗಿ ಹುಡುಕಿಕೊಳ್ಳುತ್ತಿತ್ತು. ಒಮ್ಮೆ ಸುಮ್ಮನೆ ಅದನ್ನು ಕೆನ್ನೆಗೆ ಒತ್ತಿಕೊಂಡ. ಅದನ್ನು ನೋಡಿ ನನಗೆ ಹೊಳೆಯಿತು: ಈ ಮುದುಕನಿಗೆ ಬೇಕಾದದ್ದು ಮರ, ಕಬ್ಬಿಣವಲ್ಲ. ಲೈಸೆನ್ಸಿನ ನಂಬರು ಇರುವುದು ಕಬ್ಬಿಣದ ಮೇಲೆ. ಮರ ಯಾವುದಾದರೇನು, ಠಾಣೆಯವರು ಕೇಳುವುದಿಲ್ಲ.

ಸೊಸೆಯ ನಳಿಗೆಯನ್ನು ಮುದುಕಿಯ ಮರದಲ್ಲಿ ಕೂರಿಸಿ ನೋಡಿದೆ. ಒಂದೇ ಕಾರ್ಖಾನೆಯವು, ಸ್ಕ್ರೂಗಳು ಹೊಂದಿಕೊಂಡವು. ಆದರೆ ದಪ್ಪ ನಳಿಗೆಗೆ ಕೊರೆದ ಕಾಲುವೆಯಲ್ಲಿ ತೆಳ್ಳನೆಯದು ಲಟಲಟ ಅಲುಗಾಡಿತು. ಎರಡೂ ಪಕ್ಕಕ್ಕೆ ಮತ್ತು ತಳಕ್ಕೆ ಮರದ ಪಟ್ಟಿ ಕೂರಿಸಬೇಕು. ಅದಕ್ಕೆ ಹಸಿ ಮರ ಆಗದು. ಆರು ತಿಂಗಳಿಗೆ ಕುಗ್ಗಿ ನಳಿಗೆ ಜಾರುತ್ತದೆ, ಗುರಿ ಹಾಳಾಗುತ್ತದೆ, ಆಮೇಲೆ ತಮ್ಮ ನನ್ನ ಜೀವ ತಿನ್ನುತ್ತಾನೆ. ಚೆನ್ನಾಗಿ ಒಣಗಿದ ಹಳೆಯ ಮರವೇ ಬೇಕು. ಅಂಗಡಿಯೆಲ್ಲ ಜಾಲಾಡಿದೆ. ಬೆಂಚಿನ ಕೆಳಗೆ ಸಿಕ್ಕಿದ ಎರಡು ತುಂಡಿಗೆ ಹುಳ ಹಿಡಿದಿತ್ತು. ಸೊಸೆಯ ಮರವೂ ತೆಳ್ಳನೆಯದು, ಅದರಲ್ಲಿ ಅಷ್ಟು ದಪ್ಪದ ಪಟ್ಟಿ ಬಾರದು. ಅಂಥ ಮರ ಇದ್ದದ್ದು ಒಂದೇ ಕಡೆ.

ಮೂಗನ ಕಬ್ಬಿಣ ಹೇಗೂ ಹೋಗುವುದೇ. ಮರವನ್ನಾದರೂ ಬಿಚ್ಚಿ ಬೆಂಚಿನ ಮೇಲಿನ ಗೋಡೆಗೆ ತೂಗುಹಾಕಬೇಕೆಂದು ಒಂದು ಮೊಳೆಯನ್ನೂ ಹೊಡೆದಿಟ್ಟಿದ್ದೆ. ಅಪ್ಪನದು ಅಂತ ಈ ಮನೆಯಲ್ಲಿ ನಾನು ಕೇಳಿದ್ದು ಅದೊಂದನ್ನೇ. ಕೇಳಿದ್ದೂ ನನ್ನನ್ನೇ.

ಎರಡು ದಿನ ಹಾಗೇ ಬಿಟ್ಟೆ. ಬೇರೆಯವರ ಕೋವಿಗಳನ್ನು ಒರೆಸಿದೆ. ಯಾರೋ ಗಿರಾಕಿಯ ಮೇಲೆ ಸುಮ್ಮಸುಮ್ಮನೆ ಹರಿಹಾಯ್ದೆ. ಮೂರನೆಯ ದಿನವೂ ಚಿಕ್ಕಪ್ಪ ಬಂದು ಅದೇ ಸ್ಟೂಲಿನ ಮೇಲೆ ಕೂತ. "ತಿಂದ್ಯಾ?" ಅಂತ ಕೇಳಿದೆ. "ಹಸಿವಿಲ್ಲ," ಅಂದ. ಅವನ ಕತ್ತಿನ ನರಗಳು ಹಗ್ಗದ ಹಾಗೆ ಎದ್ದಿದ್ದವು. ಅವನನ್ನು ಮನೆಗೆ ಅಟ್ಟಿ, ಮೂಗನ ಮರವನ್ನು ಬಿಚ್ಚಿ ವೈಸಿಗೆ ಕಚ್ಚಿಸಿದೆ. ತ್ಯಾಗಗೀಗ ಅಂತ ದೊಡ್ಡ ಮಾತು ಬೇಡ. ನನಗೆ ಸಾಕಾಗಿತ್ತು, ಅಷ್ಟೆ. ಗರಗಸ ಇಟ್ಟೆ. ಮೇಲಿನ ಎಣ್ಣೆಯ ಪದರ ಹೋದ ಮೇಲೆ ಒಳಗಿಂದ ಬಾಗಿಲ ಚೌಕಟ್ಟಿನ ಕಮಟು ವಾಸನೆ ಬಂತು. ಪಟ್ಟಿಗಳನ್ನು ಸೀಳಿ, ಉಜ್ಜಿ, ಅಂಟು ಹಚ್ಚಿ ಕೂರಿಸಿದೆ. ಸೊಟ್ಟ ಹಿಡಿ ಯಾವುದಕ್ಕೂ ಬರಲಿಲ್ಲ. ಅದನ್ನು ತುಂಡುಮರದ ಬುಟ್ಟಿಗೆ ಹಾಕಿದೆ.

ಅಂಟು ಒಣಗಿದ ಮೇಲೆ ಇಬ್ಬರನ್ನೂ ಕರೆದೆ. ಚಿಕ್ಕಪ್ಪ ಕೋವಿಯನ್ನು ತೆಗೆದುಕೊಂಡು ಗುಳಿ ಹುಡುಕಿದ, ಕೆನ್ನೆಗೆ ಇಟ್ಟ. "ಇಳಿದುಹೋಗಿದ್ದಾಳೆ," ಅಂದ. "ಮುದುಕಿಗೆ ಇಷ್ಟು ಹಗುರ ಎಲ್ಲಿಂದ ಬಂತು?"

ತಮ್ಮ ಕಸಿದುಕೊಂಡು ಗುರಿ ನೋಡಿದ. "ಇದೇನಕ್ಕಾ, ಹಿಡಿ ಇಷ್ಟು ದಪ್ಪ? ಒಳ್ಳೇ ಒನಕೆ ಹಿಡಿದ ಹಾಗಿದೆ. ಸೊಸೆ ಅಂದ್ರೆ ಹೂವಿನ ಹಾಗಿದ್ಲು."

"ಸ್ವಲ್ಪ ಭಾರ ತುಂಬೋಕಾಗಲ್ವೇನೇ?" ಅಂತ ಚಿಕ್ಕಪ್ಪ.

"ಸ್ವಲ್ಪ ಕೆತ್ತಿ ಸಣ್ಣ ಮಾಡೋಕಾಗಲ್ವಾ?" ಅಂತ ತಮ್ಮ.

ನನ್ನ ನೆತ್ತಿಗೆ ಏರಿತು. ಕೋವಿ ಕಿತ್ತುಕೊಂಡೆ. ಸ್ಕ್ರೂ ಬಿಚ್ಚಿ ನಳಿಗೆ ಎತ್ತಿ ಪಕ್ಕಕ್ಕಿಟ್ಟು, ಕಾಲುವೆಯನ್ನು ದೀಪದ ಕೆಳಗೆ ಹಿಡಿದೆ. ಮುದುಕಿಯ ಕಪ್ಪು ಮರದೊಳಗೆ ಕೆಂಚು ಬಣ್ಣದ ಮೂರು ಪಟ್ಟಿ.

"ನೋಡಿ! ಕಣ್ಣಿರೋನು ನೋಡು, ಇಲ್ಲದೋನು ಮುಟ್ಟು. ಇದೇನು ಹೇಳಿ!"

ತಮ್ಮ ಬಗ್ಗಿ ನೋಡಿದ. ಗೋಡೆಯ ಬರಿ ಮೊಳೆ ನೋಡಿದ. ಅವನ ದನಿ ಇಳಿಯಿತು. "ಮೂಗನ ಮರ ಕೊಯ್ದುಬಿಟ್ಯಾ?"

"ಕೊಯ್ದೆ. ನಿಮ್ಮಿಬ್ಬರ ಬಾಯಿ ಮುಚ್ಚಿಸೋಕೆ ಕೊಯ್ದೆ. ಮುಚ್ಚಿತಾ?"

"ಹೇಳಬಾರದಿತ್ತಾ ಅಕ್ಕಾ?"

"ಯಾರಿಗೆ ಹೇಳಲಿ? ಯಾರಾದ್ರೂ ಕೇಳಿದ್ರಾ? ಸೊಸೆ ಮುದುಕಿ, ಸೊಸೆ ಮುದುಕಿ! ನಿನಗ್ಯಾವುದೇ ಬೇಕು ಅಂತ ಒಬ್ಬ ಕೇಳಿದ್ನಾ?"

ಚಿಕ್ಕಪ್ಪ ಕೈ ಚಾಚಿ ಪಟ್ಟಿಗಳನ್ನು ಉದ್ದಕ್ಕೂ ಸವರಿದ. "ಹಾಗಾದ್ರೆ ನಾಳೆ ಠಾಣೇಲಿ ಹೊಡೆಯೋಲ್ಲ ಬಿಡು. ಆ ದರಿದ್ರದ ಗುಣ ಇದಕ್ಕೂ ಹತ್ತಿರುತ್ತೆ," ಅಂದ.

ಬೇರೆ ದಿನವಾಗಿದ್ದರೆ ಉಳಿ ಎಸೆಯುತ್ತಿದ್ದೆ. ಅವತ್ತು ತೋಳು ಎತ್ತುವುದಕ್ಕೂ ತ್ರಾಣವಿರಲಿಲ್ಲ. ನಗು ಬಂತೋ ಅಳು ಬಂತೋ, ಎರಡೂ ಅರ್ಧಕ್ಕೇ ನಿಂತವು. "ಸ್ಕ್ರೂ ಕೊಡಿ ಇಲ್ಲಿ," ಅಂದೆ. ತಮ್ಮ ಒಂದೊಂದೇ ಎತ್ತಿ ಕೊಟ್ಟ. ಚಿಕ್ಕಪ್ಪ ಅವತ್ತು ನಮ್ಮ ಜೊತೆ ಕೂತು ಉಂಡ, ಎರಡು ಸಲ ಬಡಿಸಿಕೊಂಡ. ಭಾರದ ಮಾತು, ದಪ್ಪದ ಮಾತು ಯಾರೂ ಎತ್ತಲಿಲ್ಲ.

ಮರುದಿನ ಠಾಣೆಯ ಹಿಂದಿನ ಮಣ್ಣಿನ ದಿಬ್ಬಕ್ಕೆ ನಾನೇ ಹೊಡೆದೆ. ಎಳೆದ ಮೊದಲ ಸಲಕ್ಕೇ ಹೊಡೆಯಿತು, ಗುರಿಯ ಹಲಗೆಯ ನಟ್ಟನಡುವೆ. ಪೊಲೀಸಿನವನು ತಲೆಯಾಡಿಸಿ, ಉಳಿದೆರಡು ಕಬ್ಬಿಣಗಳನ್ನು ಒಳಗೆ ಒಯ್ದ. ಕತ್ತರಿಸುವ ಯಂತ್ರ ಕಿರುಚಿತು. ಚಿಕ್ಕಪ್ಪ ಕಿವಿ ಮುಚ್ಚಿಕೊಂಡ. ನಾನು ಬಾಗಿಲಲ್ಲಿ ನಿಂತು ಎರಡನ್ನೂ ಕೊನೆಯವರೆಗೆ ನೋಡಿದೆ. ಯಾರಾದರೂ ನೋಡಬೇಕಿತ್ತು.

ವ್ಯಾನಿನಲ್ಲಿ ವಾಪಸು ಬರುವಾಗ ಚಿಕ್ಕಪ್ಪ ಹಿಂದಿನ ಸೀಟಿನಿಂದ, "ಆ ಹಂದಿ ಎಷ್ಟು ದೊಡ್ಡದಿತ್ತೇ?" ಅಂತ ಕೇಳಿದ.

"ಹಂದಿಯಷ್ಟು," ಅಂದೆ.

ತಮ್ಮ ನಕ್ಕ. ರಸ್ತೆ ನೋಡುತ್ತಲೇ, "ಅಕ್ಕಾ, ನಳಿಗೆಯೊಳಗೆ ಮದ್ದಿನ ಮಸಿ ಹಾಗೇ ಬಿಟ್ರೆ ತುಕ್ಕು ಹಿಡಿಯುತ್ತೆ. ಇವತ್ತೇ ಒರೆಸಿ ಎಣ್ಣೆ ಹಚ್ಚಿಬಿಡು," ಅಂದ.

"ನೀನು ಹಚ್ಚು," ಅಂದೆ. "ಅಂಗಡಿ ಬೀಗದ ಕೈ ಕೊಡ್ತೀನಿ, ಬಟ್ಟೆ ಎಲ್ಲಿದೆ ಅಂತ ಹೇಳ್ತೀನಿ. ಚಿಕ್ಕಪ್ಪ ಪಕ್ಕದಲ್ಲಿ ಕೂತು ಹೇಳಿಕೊಡಲಿ. ನನ್ನನ್ನ ಮನೆ ಹತ್ತಿರ ಇಳಿಸು. ಮಲಗ್ತೀನಿ."

ಅವನು ಪಕ್ಕಕ್ಕೆ ತಿರುಗಿ ನನ್ನ ಮುಖ ನೋಡಿದ. ಮನೆಯ ಕಡೆಯ ತಿರುವಿಗೆ ಗೇರು ಬದಲಿಸಿದ.