ಸೊಣ್ಣಪ್ಪ ಒತ್ತಿದ ಹೆಬ್ಬೆಟ್ಟು

ಬಂಗಾರಪೇಟೆ ರೈಲ್ವೆ ಸ್ಟೇಷನ್ನಿನ ಎದುರು, ಹುಣಸೇಮರದ ಕೆಳಗೆ ಹನ್ನೊಂದು ಜಟಕಾಗಳು ಸಾಲಾಗಿ ನಿಲ್ಲುತ್ತಿದ್ದ ಕಾಲ ಅದು. ವರ್ಷಕ್ಕೊಂದು ಸಲ ಕೆಜಿಎಫ್‌ನ ಚಾಂಪಿಯನ್ ರೀಫ್ಸ್ ಮೈದಾನದಲ್ಲಿ ಕುದುರೆಗಳ ಪ್ರದರ್ಶನ ಆಗುತ್ತಿತ್ತು. ಅಲ್ಲಿ ಗೆದ್ದವನ ಗಾಡಿಗೆ ಮುಂದಿನ ವರ್ಷದವರೆಗೆ ಮರದ ನೆರಳಿನಲ್ಲಿ ಮೊದಲ ಜಾಗ. ಅದನ್ನು ಯಾರೂ ಬರೆದಿಟ್ಟಿರಲಿಲ್ಲ, ಯಾರೂ ಮೀರುತ್ತಲೂ ಇರಲಿಲ್ಲ. ಸಾಲಿನ ಹಿರಿಯ ಸೊಣ್ಣಪ್ಪನ ಹೆಣ್ಣುಗುದುರೆ ಗೌರಿ ಮೂರು ವರ್ಷ ಒಂದೇ ಸಮನೆ ಎರಡನೆಯದಾಗಿ ಉಳಿದಿತ್ತು. ಎಪ್ಪತ್ತಾರನೇ ಇಸವಿಯಲ್ಲಿ ಅದರ ಮೈ ಎಣ್ಣೆ ಸವರಿದ ಹಾಗೆ ಮಿರುಗುತ್ತಿತ್ತು. ಈ ಸಲ ನಮ್ಮದೇ ಎಂದು ಅವನ ಹೆಂಡತಿ ಅಕ್ಕಯ್ಯಮ್ಮ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು.

ಅಷ್ಟರಲ್ಲಿ ಕುಪ್ಪಂ ಕಡೆಯಿಂದ ರೋಗ ಬಂತು. ಕುದುರೆಗಳ ದವಡೆ ಕೆಳಗೆ ಗಂಟು ಕಟ್ಟಿ, ಮೂಗಿನಲ್ಲಿ ಕೀವು ಸುರಿದು, ಮೇವು ನುಂಗಲಾಗದೆ ಸೊರಗುವ ರೋಗ. ಒಂದೇ ತೊಟ್ಟಿಯಲ್ಲಿ ನೀರು ಕುಡಿದರೆ ಸಾಕು, ಒಂದರಿಂದ ಇನ್ನೊಂದಕ್ಕೆ.

ಹೋಗುವುದೋ ಬಿಡುವುದೋ ಎಂದು ಸೊಣ್ಣಪ್ಪ ಎರಡು ದಿನ ತೊಳಲಾಡಿದ. ಬೇಡವೆಂದವನು ಕೋದಂಡಪ್ಪ. ಅಕ್ಕಯ್ಯಮ್ಮನ ಒಡಹುಟ್ಟಿದ ತಮ್ಮ, ಅದೇ ಸಾಲಿನ ಗಾಡಿಯವನು, ಎರಡು ಕುದುರೆ ಸಾಕಿದ್ದ. ಲಗಾಮು ಹಿಡಿಯುವುದನ್ನು ಸೊಣ್ಣಪ್ಪನಿಂದಲೇ ಕಲಿತವನು.

"ಬಾವ, ಗೌರಿಗೆ ಏನಾನ ಆದ್ರೆ ಆ ಮೊದಲ್ನೇ ಜಾಗ ತಕಂಡು ಏನ್ ಮಾಡ್ತೀಯ? ಯಾರೂ ಓಗೋದು ಬ್ಯಾಡ. ಅಮ್ಮನ ಮುಂದೆ ಕರ್ಪೂರ ಮುಟ್ಟಿ ಬಿಡೋಣ."

ಮುತ್ಯಾಲಮ್ಮನ ಗುಡಿಯಲ್ಲಿ ಹನ್ನೊಂದು ಜನರೂ ಕರ್ಪೂರದ ಮೇಲೆ ಕೈಯಾಡಿಸಿದರು. ಪ್ರದರ್ಶನಕ್ಕೆ ಯಾರೂ ಹೋಗಬಾರದು; ಯಾರ ಕುದುರೆಗೆ ಜ್ವರ ಬಂದರೂ ಗುರುತಿಗೆ ಲಾಯದ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಬೇಕು. ಮೊದಲು ಕೈಯಾಡಿಸಿದವನು ಕೋದಂಡಪ್ಪ. ಮರುದಿನ ಅವನೇ ಒಂದು ಕಾಗದ ತಂದ.

"ನಾವು ಬರಲ್ಲ ಅಂತ ಮೈದಾನದ ದನದ ಡಾಕ್ಟ್ರಿಗೆ ಬರ್ಸಿದೀನಿ ಬಾವ. ಸ್ಟ್ಯಾಂಡಿಗೆ ನೀನೇ ಇರಿಯ, ಎಬ್ಬೆಟ್ಟು ಒತ್ತು."

ಓದು ಬಾರದ ಸೊಣ್ಣಪ್ಪ ದೇವರ ಹೆಸರು ಹೇಳಿ ಒತ್ತಿದ. ಅಮ್ಮನ ಮುಂದೆ ಆಡಿದ ಮಾತನ್ನೇ ಕಾಗದಕ್ಕೂ ಹಾಕಿದೆನೆಂಬ ಸಮಾಧಾನ ಅವನಿಗೆ.

ಪ್ರದರ್ಶನದ ದಿನ ಬೆಳಗ್ಗೆ ಟೀ ಅಂಗಡಿ ಕುಪ್ಪುಸ್ವಾಮಿ ಲೋಟ ಕೊಡುತ್ತ ನಕ್ಕ. "ಏನಣ್ಣೋ, ಬಾಮೈದನ್ನ ಮಾತ್ರ ಕಳ್ಸಿಬಿಟ್ಟಾ? ಗಾಡಿಗೆ ಹೂವು, ಕುದ್ರೆಗೆ ಗೆಜ್ಜೆ, ಮದ್ವೆ ಮಾಪ್ಳೆ ಥರ ಓದ್ನಪ್ಪಾ ಕೆಜಿಎಫ್ ಕಡೆಗೆ!"

"ಅವ್ನು ಕ್ಯಾಸಂಬಳ್ಳಿಗೆ ನೆಂಟ್ರ ಮನೆಗೆ ಓಗ್ತೀನಿ ಅಂದಿದ್ನಲ್ಲೋ."

"ನೆಂಟ್ರ ಮನೆಗೆ ಗೆಜ್ಜೆ ಕಟ್ಕಂಡು ಯಾರಣ್ಣಾ ಓಗ್ತಾರೆ?"

ಸೊಣ್ಣಪ್ಪ ಟೀ ಕುಡಿಯದೆ ಎದ್ದ. ಕೋದಂಡಪ್ಪನ ಲಾಯದ ಬಾಗಿಲಿಗೆ ಬೇವಿನ ಸೊಪ್ಪು ಇರಲಿಲ್ಲ. ಒಳಗೆ ಅವನ ಮುದಿ ಕುದುರೆ ತಲೆ ತಗ್ಗಿಸಿ ನಿಂತಿತ್ತು. ಸೊಣ್ಣಪ್ಪ ಅದರ ದವಡೆ ಕೆಳಗೆ ಕೈಯಿಟ್ಟ. ನಿಂಬೆಹಣ್ಣಿನ ಗಾತ್ರದ ಗಂಟು, ಕಾದ ಹೆಂಚಿನಂತೆ ಬಿಸಿ. ಮೂಗಿನಿಂದ ಸುರಿದದ್ದು ಅವನ ಅಂಗೈಗೆ ಮೆತ್ತಿಕೊಂಡಿತು. ಪ್ರದರ್ಶನಕ್ಕೆ ಹೋದ ಎಳೆಯ ಕುದುರೆ ಇದರ ಪಕ್ಕದ ಗೂಟಕ್ಕೇ ಕಟ್ಟಿಸಿಕೊಂಡಿದ್ದದ್ದು.

ಮನೆಗೆ ಬಂದವನು ಹೊಸ್ತಿಲು ದಾಟಲಿಲ್ಲ. ಬೀದಿಯಲ್ಲೇ ನಿಂತು ಕಂಡದ್ದನ್ನು ಹೇಳಿದ. ಅಕ್ಕಯ್ಯಮ್ಮನ ಮುಖ ಕೆಂಪೇರಿತು.

"ನನ್ ತಮ್ಮನೇ ಆಗ್ಲಿ, ಅವ್ನ ಬಾಯಿಗೆ ಮಣ್ಣಾಕ. ನೀನೇನು ಕಂಬದ ಥರ ನಿಂತಿದೀಯ? ಗೌರೀನ ಕಟ್ಟು, ಓಗು! ಅವ್ನು ಮಾತು ಮುರ್ದ ಮೇಲೆ ನಿನಗ್ಯಾವ ಮಾತು?"

ಸೊಣ್ಣಪ್ಪನ ಕಣ್ಣು ಲಾಯದ ಕಡೆ ಹೋಯಿತು. ಅವನ ಸದ್ದು ಕೇಳಿ ಗೌರಿ ಕಿವಿ ನಿಮಿರಿಸಿ ಕೆನೆಯಿತು. ಈಗ ಹೊರಟರೆ ಹೊತ್ತಿಗೆ ಸರಿಯಾಗಿ ತಲುಪಬಹುದಿತ್ತು. ಅವನು ತನ್ನ ಅಂಗೈ ನೋಡಿಕೊಂಡ.

"ಕರ್ಪೂರ ಮುಟ್ಟಿದ್ದು ಅವ್ನಿಗೋಸ್ಕರ ಅಲ್ಲ ಕಣೇ. ಗೌರಿಗೆ ನೀನೇ ಉಳ್ಳಿಕಾಳು ಆಕು. ರೋಗ ಮುಟ್ಟಿದ ಕೈ ಇದು, ನಾನು ಇವತ್ತಿಂದ ಅದನ್ನ ಮುಟ್ಟಂಗಿಲ್ಲ" ಎಂದು ಬಸ್ಸಿಗೆ ನಡೆದ.

ಮೈದಾನದಲ್ಲಿ ಮೂವತ್ತು ಕುದುರೆ ಸೇರಿದ್ದವು. ಕೋದಂಡಪ್ಪನದು ಎಲ್ಲದರ ನಡುವೆ, ಒಂದೇ ತೊಟ್ಟಿಗೆ ಬಾಯಿ ಹಾಕಿ ನೀರು ಹೀರುತ್ತಿತ್ತು. ಸೊಣ್ಣಪ್ಪ ನೇರವಾಗಿ ದನದ ಡಾಕ್ಟರ ಮೇಜಿಗೆ ಹೋಗಿ ಕೈಮುಗಿದ.

"ಬಂಗಾರಪೇಟೆ ಕುದ್ರೆನ ಆಚೆ ಕಳ್ಸಿ ಸ್ವಾಮಿ. ಅದ್ರ ಜೊತೇಲಿರೋದಕ್ಕೆ ರೋಗ ಐತೆ."

ಡಾಕ್ಟರು ಕಡತದಿಂದ ಒಂದು ಕಾಗದ ತೆಗೆದರು. "ನಿಮ್ಮ ಹಿರಿಯರೇ ಬರೆದುಕೊಟ್ಟಿದ್ದಾರಲ್ಲಯ್ಯ? 'ನಮ್ಮ ಸ್ಟ್ಯಾಂಡಿನ ಯಾವ ಲಾಯದಲ್ಲೂ ರೋಗವಿಲ್ಲ, ಇದಕ್ಕೆ ನಾನು ಜವಾಬ್ದಾರಿ.' ಸೊಣ್ಣಪ್ಪನ ಹೆಬ್ಬೆಟ್ಟು ಇದೆ. ಯಾರವನು?"

ನೀಲಿ ಮಸಿಯ ಗುರುತು. ನಡುವೆ ಅಡ್ಡಗೀರು, ಹಿಂದೆ ಕುಡುಗೋಲು ತಗುಲಿ ಆದ ಗಾಯದ್ದು. ಅದು ತನ್ನದಲ್ಲ ಎನ್ನುವಂತಿರಲಿಲ್ಲ. ಬಾಮೈದನ ಲೆಕ್ಕ ಈಗ ಸೊಣ್ಣಪ್ಪನಿಗೆ ತಿಳಿಯಿತು. ಕರ್ಪೂರ ಹಚ್ಚಿಸಿದ್ದು ಗೌರಿಯನ್ನು ಮನೆಯಲ್ಲೇ ಕೂರಿಸುವುದಕ್ಕೆ. ಕಾಗದ ಬರೆಸಿದ್ದು ಅವನೊಬ್ಬನೇ ಹೋಗುವುದಕ್ಕೆ.

"ನಾನೇ ಸ್ವಾಮಿ. ಬೆರಳು ನನ್ದು, ಮಾತು ನನ್ದಲ್ಲ."

ಸುತ್ತ ನೆರೆದ ಗಾಡಿಯವರು ಅಷ್ಟು ಸೂಕ್ಷ್ಮ ನೋಡಲಿಲ್ಲ. "ಓದದೆ ಒತ್ತಿ ನಮ್ಮ ಕುದ್ರೆಗಳಿಗೆ ರೋಗ ಅಂಟಿಸ್ದಲ್ಲಯ್ಯಾ! ತಲೆ ನರೆತ್ರೂ ಬುದ್ಧಿ ಬರ್ಲಿಲ್ವಾ?" ಎಂದು ನಂದಿದುರ್ಗ ಗಣಿಯ ಕಡೆಯವನೊಬ್ಬ ಕೂಗಿದ. ಕೋದಂಡಪ್ಪ ಗುಂಪಿನ ಹಿಂದೆ ನಿಂತು ಗೆಜ್ಜೆ ಬಿಚ್ಚುತ್ತಿದ್ದ. ಬಾವನ ತಪ್ಪಿಲ್ಲ ಎಂಬ ಒಂದು ಮಾತು ಅವನ ಬಾಯಿಂದ ಬರಲಿಲ್ಲ.

ಪ್ರದರ್ಶನ ನಿಂತಿತು. ಎರಡು ವಾರ ಯಾವ ಕುದುರೆಯೂ ಮೈದಾನ ಬಿಡಕೂಡದೆಂದು ಡಾಕ್ಟರು ಹೇಳಿದರು.

ಸೊಣ್ಣಪ್ಪನೂ ಅಲ್ಲೇ ಉಳಿದ. ಯಾರೂ ಇರು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ತೊಟ್ಟಿ ಬರಿದು ಮಾಡಿ, ಒಂದೊಂದು ಕುದುರೆಗೆ ಒಂದೊಂದು ಬಕೆಟ್ಟು ಗುರುತು ಮಾಡಿ, ನಲ್ಲಿಯಿಂದ ನೀರು ಹೊತ್ತ. ಸಂಜೆ ಕೋದಂಡಪ್ಪ ಹತ್ತಿರ ಬಂದ.

"ಬಾವ, ಅಕ್ಕನ ಮುಖ ನೋಡಿಯಾದ್ರೂ..."

"ನಿನ್ ಕುದ್ರೆಗೆ ನೀರು ಇಟ್ಟಿದೀನಿ" ಎಂದು ಸೊಣ್ಣಪ್ಪ ಮುಂದಕ್ಕೆ ನಡೆದ.

ದೀಪ ಹಚ್ಚುವ ಹೊತ್ತಿಗೆ ಅವನು ಬಂಗಾರಪೇಟೆಯ ದಿಕ್ಕಿಗೆ ತಿರುಗಿ ಮುತ್ಯಾಲಮ್ಮನಿಗೆ ಕೈಮುಗಿದ. ಕುದುರೆಗಳನ್ನು ಒಂದೊಂದಾಗಿ ಹೆಸರು ಹಿಡಿದು ಕಾಪಾಡೆಂದು ಬೇಡಿಕೊಂಡ. ಗೌರಿಯನ್ನು ಹೇಳಿದ, ಕೋದಂಡಪ್ಪನ ಎರಡು ಕುದುರೆಗಳನ್ನೂ ಹೇಳಿದ. ಅವುಗಳ ಒಡೆಯನ ಹೆಸರಿಗೆ ನಾಲಿಗೆ ಹೊರಳಲಿಲ್ಲ. ಆಮೇಲೆ ಮುಗಿದ ಕೈ ಇಳಿಸಿ ಬಕೆಟ್ಟು ಎತ್ತಿಕೊಂಡ.