ಪಹಣಿಯಲ್ಲಿ ಮಡೆಪ್ಪನ ಹೆಸರು

ನಮ್ಮ ಚಿಂತಾಕಿಯಲ್ಲಿ ಯಾರಾದರೂ ತೀರಿಕೊಂಡರೆ ಊರಿಗೆ ಊರೇ ಬರುತ್ತದೆ. ಅಡುಗೆಗೆ, ನೀರಿಗೆ, ನೆಂಟರ ಹಾಸಿಗೆಗೆ ಕೈಗಳು ಕಡಿಮೆ ಬೀಳುವುದಿಲ್ಲ. ಆದರೆ ಸತ್ತವರ ಹೊಲ ಯಾರ ಹೆಸರಿಗೆ ಆಗಬೇಕು ಅಂತ ಕೇಳಿ ನೋಡಿ, ಎಲ್ಲರೂ ನೆಲ ನೋಡುತ್ತಾರೆ. "ಈಗ್ಯಾಕ ಆ ಮಾತು? ಇನ್ನಾ ಕಣ್ಣೀರು ಆರಿಲ್ಲ" ಅನ್ನುತ್ತಾರೆ. ವರ್ಷಗಳು ಹೋಗುತ್ತವೆ. ಕಣ್ಣೀರೂ ಆರುವುದಿಲ್ಲ, ಹೊಲವೂ ವರ್ಗವಾಗುವುದಿಲ್ಲ.

ನನ್ನ ಗೆಳತಿ ಹೀರಾಬಾಯಿಯ ಮನೆಯಲ್ಲೂ ಹಾಗೇ ಆಗಿತ್ತು. ನಾನು ಶಾಲುಬಾಯಿ, ಅವಳ ಪಕ್ಕದ ಮನೆಯವಳು. ನನ್ನ ಬಾಯಿ ಜೋರು ಅಂತ ಊರು ಹೇಳುತ್ತದೆ, ಇರಲಿ ಬಿಡಿ. ಹೀರಾಬಾಯಿಯ ಗಂಡ ಮಡೆಪ್ಪಣ್ಣ ಕುರಿ ಸಾಕಿ, ತೊಗರಿ ಬಿತ್ತಿ ಬದುಕಿದವರು. ಬೀದರಿನ ಆಸ್ಪತ್ರೆಯಲ್ಲಿ ತೀರಿಕೊಂಡು ಎರಡು ವರ್ಷ ದಾಟಿತ್ತು. ಹೊಲದ ಪಹಣಿ ಇನ್ನೂ ಅವರ ಹೆಸರಿನಲ್ಲೇ ಇತ್ತು.

ಈ ಸಲ ಮಳೆ ಬಿಡದೆ ಹಿಡಿಯಿತು. ಕುರಿಗಳು ಬಯಲಲ್ಲಿ ನಿಂತು ನೆನೆದವು. ಎಳೆ ಮರಿಗಳು ಕೆಮ್ಮಿ ಕೆಮ್ಮಿ ಸತ್ತವು. ಮಗ ಓಂಪ್ರಕಾಶ ಉದ್ಯೋಗ ಖಾತ್ರಿಯಲ್ಲಿ ಕುರಿ ಶೆಡ್ಡು ಕೇಳಲು ಪಂಚಾಯಿತಿಗೆ ಹೋದ. ಅವರು ಪಹಣಿ ನೋಡಿ, "ಮಾಲಕರು ಇಲ್ಲಲ್ಲಪಾ. ಮೊದಲ ಪೌತಿ ಖಾತೆ ಮಾಡಿಸ್ಕೊಂಡು ಬಾ" ಎಂದರು. ಪೌತಿ ಖಾತೆ ಅಂದರೆ ಹೆದರುವಂಥದ್ದೇನಲ್ಲ. ಸತ್ತವರ ಹೊಲವನ್ನು ಅವರ ವಾರಸುದಾರರ ಹೆಸರಿಗೆ ಮಾಡುವುದು, ಅಷ್ಟೇ.

ಓಂಪ್ರಕಾಶ ಅರ್ಜಿ ತಂದು ಅವ್ವನ ಮುಂದೆ ಇಟ್ಟ. ಅವಳು ಹೆಬ್ಬೆಟ್ಟು ಒತ್ತಲಿಲ್ಲ.

"ನಿಮ್ಮಪ್ಪನ ಹೆಸರು ನನ್ನ ಕೈಲೇ ಅಳಸ್ತೀ ಏನೋ?" ಎಂದವಳೇ ಎದ್ದು ಕುರಿ ದೊಡ್ಡಿಗೆ ಹೋದಳು.

ಹುಡುಗ ನನ್ನ ಹತ್ತಿರ ಓಡಿ ಬಂದ. "ಕಾಕು, ನೀವೇ ಹೇಳ್ರಿ. ನಾ ಬಾಯಿ ತೆಗದ್ರ ಅಳ್ತಾಳ."

ನಾನು ಹೋದೆ. ನೆನೆದ ಮರಿಯೊಂದನ್ನು ಮಡಿಲಲ್ಲಿ ಇಟ್ಟುಕೊಂಡು ಅವಳು ಕೂತಿದ್ದಳು.

"ಯಾಕ ಹೀರಾ, ಹಿಂಗ ಹಟ ಹಿಡದೀ?"

"ಹಟ ಅಲ್ಲ ಶಾಲು. ಅವರ ಧೋತರ, ಅಂಗಿ ಎಲ್ಲಾ ಮಂದಿಗಿ ಕೊಟ್ರು. ಅವರು ಕೂಡೋ ಕಟ್ಟಿ ಮ್ಯಾಲ ಈಗ ಯಾರ್ಯಾರೋ ಕೂಡ್ತಾರ. ಕುರಿ ಸೈತ ಓಂಪ್ರಕಾಶನ ದನಿಗಿ ತಲಿ ಎತ್ತತಾವ. ಎಲ್ಲಾ ಕಡಿಂದ ಹೋದ್ರು. ಆ ಕಾಗದ ಒಂದರಾಗೇ ಉಳದಾರ. ನಾ ಆಗಾಗ ಪಹಣಿ ತೆಗಿಸಿ ಓದಸ್ತೇನಿ. ಯಾರರೆ ಅವರ ಹೆಸರು ಓದಿದ್ರ, ಇನ್ನಾ ಇಲ್ಲೇ ಎಲ್ಲ್ಯೋ ಅದಾರ ಅನಸ್ತದ."

ನಾನು ಅವಳ ಮಗ್ಗುಲಿಗೆ ಕೂತೆ. ನನ್ನವರೂ ಇಲ್ಲ. ಸಂಜೆ ಅಂಗಳದಲ್ಲಿ ಚಪ್ಪಲಿ ಸಪ್ಪಳವಾದರೆ ಇಂದಿಗೂ ಎದೆ ಹಾರುತ್ತದೆ. ಆದರೂ ಸುಮ್ಮನೆ ಕೂತರೆ ಆಗುತ್ತದೆಯೇ?

"ಕೇಳಿಲ್ಲಿ. ನಮ್ಮ ಮಾವನ ಹೊಲ ನಮ್ಮವರು ತಮ್ಮ ಹೆಸರಿಗಿ ಮಾಡಿಸ್ಕೊಳ್ಳಿಲ್ಲ. ಅವರೂ ಹೋದ್ರು. ಆಮ್ಯಾಲ ನಾ ಔರಾದ ತಹಶೀಲ ಕಚೇರಿಗಿ ತಿರಗಿ ತಿರಗಿ ಚಪ್ಪಲಿ ಸವದವು. ವಂಶವೃಕ್ಷ ಕೇಳಿದ್ರು. ಒಬ್ಬಾಕಿ ನಾದಿನಿ ಸತ್ತಾಳ, ಆಕಿ ಮಕ್ಕಳನ್ನ ಹುಡುಕಿ ಅವರ ಪಾಲು ಬ್ಯಾರೆ ಮಾಡಿಸೋದರಾಗ ನನ್ನ ಜೀವಾ ಹೋಯ್ತು. ಇವತ್ತು ನಿಮ್ಮ ಮನ್ಯಾಗ ನೀನು, ಮಗ, ಮಗಳು, ಮೂರೇ ಮಂದಿ ಕೆಲಸ. ನಾಳಿ ನೀನೂ ಹೋದಿ ಅಂದ್ರ?"

"ಹೋದ್ರ ಚಲೋನೇ ಆತು. ಅವರ ಬಲ್ಲಿಗೇ ಹೋಗ್ತೇನಿ."

"ಹೋಗವ್ವಾ, ಯಾರು ಬ್ಯಾಡಂದ್ರು? ಕುರಿ ಎಲ್ಲಿ ಬಿಟ್ಟು ಬಂದಿ ಅಂತ ಕೇಳಿದ್ರ ಏನಂತಿ? ಮಳ್ಯಾಗ ನಿಂದರಸಿ ಬಂದೀನಿ ಅಂತಿಯೇನು?"

ಅಳುತ್ತಿದ್ದವಳು ನಕ್ಕುಬಿಟ್ಟಳು. ನಾನು ಅಷ್ಟಕ್ಕೇ ಬಿಡಲಿಲ್ಲ. ಮನೆಗೆ ಹೋಗಿ ನನ್ನ ಮತ್ತು ನನ್ನ ಮಗನ ಹೆಸರಿಗಾದ ಹೊಲದ ಪಹಣಿ ತಂದು ಓಂಪ್ರಕಾಶನ ಕೈಗೆ ಕೊಟ್ಟು, "ಜರಾ ಜೋರಾಗಿ ಓದು" ಎಂದೆ.

"ಶಾಲುಬಾಯಿ ಗಂಡ ಗೋರಖನಾಥ. ಸುಶೀಲಕುಮಾರ ತಂದೆ ಗೋರಖನಾಥ."

ಹೀರಾಬಾಯಿ ಕಣ್ಣು ಒರೆಸಿಕೊಂಡಳು. "ಇನ್ನೊಮ್ಮೆ ಓದು" ಎಂದಳು. ಅವನು ಓದಿದ.

"ಶಾಲು, ನಿಮ್ಮವರು ಎರಡು ಸಲ ಬಂದಾರಲ್ಲ!"

"ಮತ್ತ? ಅಳಸ್ತಾರಂತ ಯಾರು ಹೇಳಿದ್ರು ನಿನಗ? ಹೊಲ ನಮ್ಮ ಹೆಸರಿಗಿ ಬಂತು. ಅವರು ನಮ್ಮ ಹೆಸರಿನ ಬೆನ್ನಿಗಿ ನಿಂತಾರ."

ಅವಳು ಪಹಣಿ ಇಸಿದುಕೊಂಡು ಆ ಸಾಲುಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು, "ಆರತಿ ಹೆಸರೂ ಹಾಕಬೇಕೇನು? ಭಾಲ್ಕಿಗಿ ಕೊಟ್ಟ ಮಗಳು. ಸೀರಿ ಉಡಿಸಿ ಕಳಸಿದ್ರ ಸಾಕಂತಾರ ಮಂದಿ."

"ಮಂದಿ ಅಂತಾರ, ಕಾಯ್ದೆ ಅನ್ನೋದಿಲ್ಲ. ಹೆಂಡತಿ, ಮಗ, ಮಗಳು, ಎಲ್ಲಾರಿಗೂ ಹಕ್ಕ ಅದ. ಒಬ್ಬರನ್ನ ಮುಚ್ಚಿಟ್ರ ನಾಳಿ ತಕರಾರು."

"ಅಕ್ಕನ್ನ ಬಿಟ್ಟು ನಾ ಹ್ಯಾಂಗ ಮಾಡ್ಲಿ ಕಾಕು?" ಎಂದ ಓಂಪ್ರಕಾಶ. ಬಂಗಾರದಂಥ ಹುಡುಗ. ಅವತ್ತೇ ಆರತಿಗೆ ಫೋನು ಮಾಡಿದ.

ಇಲ್ಲೊಂದು ಮಾತು ನೆನಪಿಡಿ. ಅಂತ್ಯಕ್ರಿಯೆ ಚಿಂತಾಕಿಯಲ್ಲಿ ಆಗಿದ್ದರೂ ಮಡೆಪ್ಪಣ್ಣನ ಮರಣ ಪ್ರಮಾಣಪತ್ರ ಸಿಕ್ಕಿದ್ದು ಬೀದರಿನಲ್ಲಿ. ಸಾವು ಎಲ್ಲಿ ಆಗಿದೆಯೋ ಅಲ್ಲೇ ನೋಂದಣಿ. ಅದನ್ನು, ವಂಶವೃಕ್ಷವನ್ನು, ಎಲ್ಲರ ಆಧಾರ್ ನಕಲನ್ನು ಸೇರಿಸಿ ನಾಡ ಕಚೇರಿಗೆ ಅರ್ಜಿ ಕೊಟ್ಟೆವು.

ಕೆಲವು ದಿನಗಳ ಮೇಲೆ ವಿಚಾರಣೆಗೆ ಗ್ರಾಮ ಆಡಳಿತ ಅಧಿಕಾರಿ ಸಪನಾ ಮನೆಗೇ ಬಂದರು. ಆರತಿಯೂ ಬಂದಿದ್ದಳು. ಸಪನಾ ಪೆನ್ನು ಹಿಡಿದು ಕೇಳಿದರು, "ಆಯಿ, ನಿಮ್ಮ ಗಂಡನ ಹೆಸರು ಹೇಳ್ರಿ."

ಹೀರಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. ನಮ್ಮ ಕಡೆಯ ಹಳೆಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಮದುವೆಯಲ್ಲಿ ಎಲ್ಲರೂ ಕಾಡಿದಾಗ ಪ್ರಾಸ ಕಟ್ಟಿದ ಒಡಪು ಹಾಕಿ, ಅದರಲ್ಲಿ ಸೇರಿಸಿ ಒಮ್ಮೆ ಹೇಳಿದರೆ ಮುಗಿಯಿತು. ಆಮೇಲೆ ಬದುಕೆಲ್ಲ "ಇವರು", "ನಮ್ಮವರು". ಮಗ ಹೇಳಲು ಹೋದ. ಸಪನಾ ಕೈ ಅಡ್ಡ ಮಾಡಿದರು, "ಅವರೇ ಹೇಳ್ಲಿರಿ."

"ಒಡಪ ಹಾಕಿನೇ ಹೇಳವ್ವಾ, ಮದುಮಗಳೇ!" ನಾನು ಕೀಟಲೆ ಮಾಡಿದೆ.

ಅವಳು ನಗಲಿಲ್ಲ. ಸೆರಗು ಬಿಟ್ಟು, ಹೊಲದ ಕಡೆ ಮುಖ ಮಾಡಿ, "ಮಡೆಪ್ಪ" ಎಂದಳು.

ಒಡಪಿಲ್ಲ, ಏನಿಲ್ಲ. ಸಪನಾ ಬರೆದುಕೊಂಡರು, ಕೆಲಸ ಮುಗಿಯಿತು. ಆದರೆ ಹೀರಾಬಾಯಿ ಯಾರೂ ಕೇಳದಿದ್ದರೂ ಇನ್ನೊಮ್ಮೆ, ದೂರದಲ್ಲಿ ಇದ್ದವರನ್ನು ಕರೆದ ಹಾಗೆ, "ಮಡೆಪ್ಪಾ" ಎಂದಳು. ಆರತಿ ಅವ್ವನನ್ನು ತಬ್ಬಿಕೊಂಡು ಅತ್ತಳು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ?

ತಕರಾರು ಯಾವುದೂ ಬರಲಿಲ್ಲ. ಹೊಸ ಪಹಣಿ ಬಂತು: ಹೀರಾಬಾಯಿ ಗಂಡ ಮಡೆಪ್ಪ, ಓಂಪ್ರಕಾಶ ತಂದೆ ಮಡೆಪ್ಪ, ಆರತಿ ತಂದೆ ಮಡೆಪ್ಪ. ಶೆಡ್ಡಿನ ಅರ್ಜಿಯನ್ನೂ ಪಂಚಾಯಿತಿ ತೆಗೆದುಕೊಂಡಿತು. ಈಗ ಗೋಡೆ ಏಳುತ್ತಿದೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಹೋದವರ ಹೆಸರಿನಲ್ಲಿ ಹೊಲವೋ ಮನೆಯೋ ಉಳಿದಿದ್ದರೆ ಇದೇ ವಾರ ನಾಡ ಕಚೇರಿಗೆ ಅಥವಾ ಪಂಚಾಯಿತಿಗೆ ಹೋಗಿ ಕೇಳಿ. ಅಳು ಬಂದರೆ ಅಳುತ್ತಲೇ ಹೋಗಿ, ತಪ್ಪೇನಿಲ್ಲ. ನಾವು ಹಿರಿಯರೂ ಕೈಕಾಲು ಗಟ್ಟಿ ಇದ್ದಾಗಲೇ ಬ್ಯಾಂಕಿನಲ್ಲಿ ನಾಮಿನಿ ಹೆಸರು ಕೊಡೋಣ, ಬೇಕಾದವರು ವಿಲ್ ಬರೆಸೋಣ. ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ ಅಂತ ಗಾದೆಯೇ ಇದೆ.

ನಿಮ್ಮ ಅಪ್ಪ-ಅವ್ವ ಇನ್ನೂ ಇದ್ದಾರೆಯೇ? ಪುಣ್ಯವಂತರು ನೀವು. ಇವತ್ತು ಊಟಕ್ಕೆ ಕೂತಾಗ ಹತ್ತಿರ ಕೂತು ಕೇಳಿ, ಯಾವ ಕಾಗದ ಎಲ್ಲಿದೆ, ನಿಮ್ಮ ಮನಸ್ಸಿನಲ್ಲಿ ಏನಿದೆ ಅಂತ. "ಅಪ್ಪಾ" ಎಂದರೆ "ಏನಪಾ" ಅನ್ನುವವರು ಎದುರಿಗೆ ಇದ್ದಾಗಲೇ ಕೇಳಿ.