ಮನೆಯವರ ಹೆಸರು

"ಒಳಗೆ ಹೋದ್ಮೇಲೆ ನಾನು ನಿಮ್ಮ ಪಕ್ಕದ ಬೀದಿ ಹುಡುಗಿ ಅಲ್ಲ ಅಜ್ಜಾ, ಬರೀ ಬಾಯಿ," ಎಂದಳು ಡಾಕ್ಟರ ಕೋಣೆಯ ಹೊರಗೆ ದುಭಾಷಿ ಬಿನಿತಾ. "ಅವರು ಅಂದಿದ್ದು ನಿಮಗೆ, ನೀವು ಅಂದಿದ್ದು ಅವರಿಗೆ. ಒಂದು ಮಾತು ಹೆಚ್ಚಿಲ್ಲ, ಕಮ್ಮಿ ಇಲ್ಲ. ಹೋದ ಸಲದ ಥರ ಮಧ್ಯೆ ಬಾಯಿ ಹಾಕ್ಬೇಡಿ."

"ನಾನೇನು ಹಾಕಿದೆ?" ಖಡಾನಂದ ಪಕ್ಕದಲ್ಲಿದ್ದ ಹೆಂಡತಿಯತ್ತ ಕೈ ತೋರಿಸಿದ. "ಇವಳು ತಡವರಿಸಿದ್ಲು, ಹೇಳ್ಕೊಟ್ಟೆ."

"ಮರೆವಿನ ಪರೀಕ್ಷೇಲಿ ಪಾಸ್ ಮಾಡಿಸೋಕೆ ಹೊರಟ್ರೆ ಆಯ್ತು ನಮ್ಮ ಕತೆ."

ಖಡಾನಂದ ಟೋಪಿ ಸರಿಮಾಡಿಕೊಂಡ. ಹೇಳಿಕೊಡುವುದು ಅವನಿಗೆ ನಿರಾಶ್ರಿತರ ಶಿಬಿರದಿಂದ ಅಂಟಿದ ಚಾಳಿ. ನೇಪಾಳದ ಆ ಬಿದಿರಿನ ಗುಡಿಸಲುಗಳಲ್ಲಿ ಯಾರನ್ನು ಕರೆದೊಯ್ಯಬೇಕೆಂದು ಅಮೆರಿಕದವರು ಮಾಡುತ್ತಿದ್ದ ಸಂದರ್ಶನ ಎಂದರೆ ಎಲ್ಲರಿಗೂ ಭಯ. ಗೊತ್ತಿಲ್ಲ ಎಂದವರ ಕಡತ ಬದಿಗೆ ಸರಿಯುತ್ತಿತ್ತು, ಬದಿಗೆ ಸರಿದವರು ಅಲ್ಲೇ ಉಳಿದರು. ಅದಕ್ಕೇ ಹೆಂಡತಿ ತುಲಸಾಳಿಗೆ ಗಿಳಿಗೆ ಕಲಿಸಿದ ಹಾಗೆ ಎಲ್ಲವನ್ನೂ ಬಾಯಿಪಾಠ ಮಾಡಿಸಿದ್ದ. ಈಗ ಅಮೆರಿಕದ ಈ ಓಹಾಯೊದಲ್ಲಿ, ಗೊತ್ತಿಲ್ಲ ಎಂದರೇ ದಾರಿ ಎಂದರೆ ಹಳೆಯ ನಾಲಿಗೆ ಕೇಳಬೇಕಲ್ಲ.

ಅವನೇನೋ ತಿಣುಕಾಡಿ ಇಂಗ್ಲಿಷ್ ಕಲಿತು, ಪರೀಕ್ಷೆ ಗೆದ್ದು, ಸಣ್ಣದೊಂದು ಬಾವುಟ ಹಿಡಿದು ಈ ದೇಶದ ಪ್ರಜೆಯಾಗಿದ್ದ. ತುಲಸಾಳಿಗೆ ಅಷ್ಟರಲ್ಲಿ ಒಲೆ ಹಚ್ಚಿದ್ದು ಮರೆಯತೊಡಗಿತ್ತು, ಮೊಮ್ಮಕ್ಕಳ ಹೆಸರು ಮರೆಯತೊಡಗಿತ್ತು. ಇಂಥವಳು ಇನ್ನು ಭಾಷೆ ಕಲಿಯಲಾರಳು ಎಂದು ಡಾಕ್ಟರು ಬರೆದು ಸಹಿ ಹಾಕಿದರೆ ಪ್ರಜೆಯಾಗಲು ಬೇಕಾದ ಇಂಗ್ಲಿಷ್ ಪರೀಕ್ಷೆಯಿಂದ ವಿನಾಯಿತಿ. ಹಾಕದಿದ್ದರೆ ಅವಳ ಮಾಸಾಶನ ನಿಲ್ಲುತ್ತದೆ, ಅದು ಹೋಗಲಿ. ಅವರು ಹುಟ್ಟಿದ ಭೂತಾನಿನಲ್ಲಿ ಜನಗಣತಿಯವರು ಹೀಗೇ ಗಂಡನನ್ನು ಪ್ರಜೆಗಳ ದರ್ಜೆಗೆ, ಹೆಂಡತಿಯನ್ನು ಪರದೇಶಿಗಳ ದರ್ಜೆಗೆ ಹಾಕಿದ್ದರು. ಅದರಿಂದಲೇ ಅವರು ಹೊಲ ಮನೆ ಬಿಟ್ಟು ನೇಪಾಳದ ಶಿಬಿರಕ್ಕೆ ನಡೆದದ್ದು. ಒಂದೇ ಸೂರಿನಡಿ ಒಬ್ಬ ಪ್ರಜೆ, ಒಬ್ಬಳು ಪರದೇಶಿ ಎಂದರೆ ಖಡಾನಂದನಿಗೆ ಇಂದಿಗೂ ನಿದ್ದೆ ಹಾರುತ್ತಿತ್ತು.

ಡಾಕ್ಟರಮ್ಮ ನಿಧಾನದ ಹೆಂಗಸು. ತುಲಸಾಳ ಕೈ ಹಿಡಿದು ಕೂರಿಸಿದಳು. "ಇವತ್ತು ಯಾವ ದಿನ?"

"ಏಕಾದಶಿ," ಎಂದಳು ತುಲಸಾ ಠೀವಿಯಿಂದ.

ಬೆಳಿಗ್ಗೆ ಅನ್ನ ಕೇಳಿದವಳಿಗೆ, ಇವತ್ತು ಏಕಾದಶಿ ಕಣೇ, ಉಪವಾಸ ಎಂದು ಹೇಳಿದ್ದವನು ಖಡಾನಂದನೇ. ಬಿನಿತಾ ಅದನ್ನು ಚಂದ್ರನ ಲೆಕ್ಕದಲ್ಲಿ ಇಂಗ್ಲಿಷಿಗೆ ತಿರುಗಿಸುವ ಹೊತ್ತಿಗೆ ಬೆವರಿದಳು. ಡಾಕ್ಟರಮ್ಮ ಕ್ಯಾಲೆಂಡರ್ ನೋಡಿದಳು, ತುಲಸಾಳನ್ನು ನೋಡಿದಳು, ಸರಿಯೋ ತಪ್ಪೋ ತಿಳಿಯದೆ ಬರೆಯುವುದನ್ನು ತಡೆದಳು.

ಸೇಬು, ಮೇಜು, ಕೊಡೆ, ನೆನಪಿಟ್ಟುಕೊಳ್ಳಿ ಎಂದಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಾಗ ತುಲಸಾ ಸೇಬು ಹೇಳಿದಳು, ಆಮೇಲೆ ಕೊಡೆಯನ್ನೂ ಹೇಳಿದಳು. ಒಲೆ ಮರೆಯುವವಳು ಇವತ್ತೇ ಜಾಣೆಯಾಗಬೇಕೇ? ಖಡಾನಂದ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕೂತ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು.

"ಪಕ್ಕದಲ್ಲಿ ಕೂತಿರೋರು ಯಾರು?"

"ಇನ್ಯಾರು, ಮನೇವ್ರು."

"ಅವರ ಹೆಸರೇನು?"

ತುಲಸಾ ಕೋಟಿನ ಮೇಲಿನ ಶಾಲನ್ನು ತಲೆಗೆ ಎಳೆದುಕೊಂಡು ನಕ್ಕಳು. ಡಾಕ್ಟರಮ್ಮ ಇನ್ನೂ ಮೆತ್ತಗೆ ಕೇಳಿದಳು. ತುಲಸಾ ನೆಲ ನೋಡಿದಳು.

ಮದುವೆಯಾದಂದಿನಿಂದ ಅವಳು ಅವನ ಹೆಸರು ಹಿಡಿದವಳಲ್ಲ. ನೇಪಾಳಿ ಬ್ರಾಹ್ಮಣರಾದ ಬಾಹುನರ ಯಾವ ಹೆಂಗಸು ಹಿಡಿದಾಳು? ಗಂಡನ ಆಯುಷ್ಯ ಕಡಿಮೆಯಾಗುತ್ತದಲ್ಲ. ಶಿಬಿರದಲ್ಲೂ ಸಂದರ್ಶನದವರು ಕೇಳಿದಾಗ ಮಗನನ್ನು ತಿವಿದು ಹೇಳಿಸಿದ್ದಳು. ಬಿನಿತಾಳಿಗೂ ಇದು ಗೊತ್ತು, ಅವಳ ಅಜ್ಜಿಯೂ ಹಾಗೆಯೇ. ಆದರೆ ಯಾರೂ ಆಡದ ಮಾತನ್ನು ದುಭಾಷಿ ಆಡುವಂತಿಲ್ಲ. ಅವಳು ತನ್ನ ಬೂಟಿನ ತುದಿ ನೋಡುತ್ತ ನಿಂತಳು.

ಡಾಕ್ಟರಮ್ಮ ಪೆನ್ನನ್ನು ಮತ್ತೆ ಎತ್ತಿಕೊಂಡಳು. ಖಡಾನಂದನ ಕಡೆ ತಿರುಗಿದಾಗ ಅವಳ ಕಣ್ಣು ಒದ್ದೆಯಾಗಿತ್ತು.

ಬಿನಿತಾ ಒಣ ದನಿಯಲ್ಲಿ ಹೇಳಿದಳು, "ಕೇಳ್ತಿದಾರೆ ಅಜ್ಜಾ. ನಿಮ್ಮ ಹೆಸರು ಕೂಡ ಇವರಿಗೆ ಮರೆತುಹೋಗಿದ್ಯಾ ಅಂತ."

ಪದ್ಧತಿ ತಾಯೀ, ಎಂದುಬಿಟ್ಟರೆ ಮುಗಿಯಿತು. ಪೆನ್ನು ಮತ್ತೆ ಕೆಳಗೆ. ತುಲಸಾ ಶಾಲಿನ ಅಂಚಿನಿಂದ ಅವನನ್ನೇ ನೋಡುತ್ತಿದ್ದಳು, ಮದುವೆ ಮನೆಯಲ್ಲಿ ಗೆಳತಿಯರು ಗಂಡನ ಹೆಸರು ಹೇಳೆಂದು ಕಾಡಿದಾಗ ನೋಡಿದ ಹಾಗೆ. ಕಾಪಾಡುವವನು ನೀನೇ ಎಂಬ ಹಾಗೆ.

ಖಡಾನಂದ ತಲೆಯಾಡಿಸಿದ. ಹೌದು.

ಡಾಕ್ಟರಮ್ಮ ಬಹಳ ಹೊತ್ತು ಬರೆದು ಸಹಿ ಹಾಕಿದಳು.

ಹೊರಗೆ ಬರುತ್ತಿದ್ದ ಹಾಗೆ ಬಿನಿತಾ, "ಅಂತೂ ಆಯ್ತಲ್ಲ ಅಜ್ಜಾ, ಪೌರತ್ವದ ಅರ್ಜಿ ಹಾಕೋ ವಕೀಲರಿಗೆ ಕೊಟ್ಬಿಡಿ," ಎಂದವಳೇ ಮುಖ ಕೊಡದೆ ಕಾರಿನ ಕಡೆ ನಡೆದಳು.

ಬಸ್ಸಿನ ತಂಗುದಾಣದಲ್ಲಿ ಇಬ್ಬರೇ. ರಸ್ತೆಯಂಚಿಗೆ ಹಿಮ ಕಪ್ಪಾಗಿ ಬಿದ್ದಿತ್ತು. ಡಾಕ್ಟರಮ್ಮ ಕೊಟ್ಟ ಪತ್ರದ ಲಕೋಟೆಯನ್ನು ಕೋಟಿನೊಳಗೆ ಇಟ್ಟುಕೊಂಡವನಿಗೆ ಸಮಾಧಾನವಾಗಬೇಕಿತ್ತು.

"ಅಲ್ವೇ, ನನ್ನ ಹೆಸರು ಗೊತ್ತು ತಾನೆ ನಿನಗೆ?"

"ಥೂ, ಇದೇನು ಕೇಳ್ತೀರಿ ನಡುಬೀದೀಲಿ."

"ಯಾರಿದಾರೆ ಇಲ್ಲಿ? ಒಂದೇ ಸಲ ಹೇಳು."

"ವಯಸ್ಸಾದ್ಮೇಲೆ ಬುದ್ಧಿ ಕೆಟ್ಟಿದೆ ನಿಮಗೆ," ಎಂದು ಶಾಲು ಎಳೆದುಕೊಂಡಳು.

"ಆಯುಷ್ಯ ಕಮ್ಮಿಯಾದ್ರೆ ಆಗ್ಲಿ ಕಣೇ. ಮೊದಲಕ್ಷರನಾದ್ರೂ ಹೇಳು."

ಅವಳು ನಕ್ಕಳು. ಮೊಮ್ಮಗನ ಹೆಸರು ಸಿಗದಾಗಲೂ ಅವಳು, ನನ್ನ ಬಂಗಾರ, ಎಂದು ಹೀಗೇ ನಗುತ್ತಿದ್ದಳು. ಈ ನಗು ಯಾವುದು, ಆ ನಗು ಯಾವುದು ಎಂದು ಅಷ್ಟು ವರ್ಷ ಸಂಸಾರ ಮಾಡಿದವನಿಗೂ ತಿಳಿಯಲಿಲ್ಲ.

ಬಸ್ಸು ಬಂತು. ಅವಳನ್ನು ಮುಂದೆ ಹತ್ತಿಸಿ, ಪಾಸು ಹುಡುಕುತ್ತ ಚಾಲಕನ ಬಳಿ ಅವನು ನಿಂತ. ಹಿಂದಿನಿಂದ ಜನ ಓಡಿಬಂದು ಹತ್ತಿದರು. ತುಲಸಾ ಕಿಟಕಿ ಪಕ್ಕ ಕೂತು, ಬದಿಯ ಜಾಗದಲ್ಲಿ ತನ್ನ ಕೈಚೀಲ ಇಟ್ಟು, ಅದರ ಮೇಲೆ ಅಂಗೈ ಊರಿದ್ದಳು. ಯಾರೋ ಕೂರಲು ಬಂದರೆ, ಮನೇವ್ರು ಬರ್ತಾರೆ, ಎಂದು ಕೈ ಆಡಿಸುತ್ತಿದ್ದಳು.

ಖಡಾನಂದ ಕಂಬಿ ಹಿಡಿಯುತ್ತ ಹೋಗಿ ಅವಳ ಮುಂದೆ ನಿಂತ. ಅವಳು ಕತ್ತೆತ್ತಿ ಅವನಿಗೂ ಮರ್ಯಾದೆಯಿಂದಲೇ ಕೈ ಆಡಿಸಿದಳು, ಮತ್ತೆ ಬಾಗಿಲ ಕಡೆ ನೋಡಿದಳು. ಬಸ್ಸು ಹೊರಟಿತು. ಚೀಲ ಅಲ್ಲೇ ಇತ್ತು.